ಕನ್ನಡ ವಿಕಿಪೀಡಿಯ ಮತ್ತು ಹೊಸ ಬರಹಗಾರರು: ವಿಶ್ವಕೋಶ ಬರವಣಿಗೆಯ ಕೆಲವು ತತ್ತ್ವಗಳು

1. ಪೀಠಿಕೆ

ಲೋಕದ ತಿಳಿವಳಿಕೆಯನ್ನು ಒಂದೆಡೆ ಕಲೆಹಾಕಿ ಓದುಗರಿಗೆ ಒದಗಿಸುವ ಪ್ರಯತ್ನ ಕನ್ನಡಕ್ಕೆ ಹೊಸದಲ್ಲ. 11ನೆಯ ಶತಮಾನದಲ್ಲಿ ಇಮ್ಮಡಿ ಚಾವುಂಡರಾಯನು ರಚಿಸಿದ ‘ಲೋಕೋಪಕಾರ’ವು ಮಳೆಯ ಲಕ್ಷಣ, ಅಂತರ್ಜಲದ ಶೋಧ, ಗಿಡಮರಗಳ ಆರೈಕೆ, ಅಡುಗೆ, ವೈದ್ಯ ಮೊದಲಾದ ನಿತ್ಯೋಪಯೋಗಿ ವಿಷಯಗಳನ್ನು ಒಂದೇ ಗ್ರಂಥದಲ್ಲಿ ತಂದಿತು. ನಿಜಗುಣ ಶಿವಯೋಗಿಯ ‘ವಿವೇಕಚಿಂತಾಮಣಿ’ಯನ್ನು ವಿದ್ವಾಂಸರು ಕೋಶಸ್ವರೂಪದ ಕೃತಿಯೆಂದೇ ಗುರುತಿಸಿದ್ದಾರೆ. ಆಧುನಿಕ ಕಾಲದಲ್ಲಿ ಶಿವರಾಮ ಕಾರಂತರು ಮಕ್ಕಳಿಗಾಗಿ ‘ಬಾಲಪ್ರಪಂಚ’ವನ್ನೂ ಹಿರಿಯರಿಗಾಗಿ ‘ವಿಜ್ಞಾನ ಪ್ರಪಂಚ’ವನ್ನೂ ಒಬ್ಬರೇ ನಿಂತು ಸಿದ್ಧಪಡಿಸಿದರು. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶದ ಮೊದಲ ಸಂಪುಟ 1969ರಲ್ಲಿ ಪ್ರಕಟವಾಗಿ, ಹದಿನಾಲ್ಕನೆಯ ಸಂಪುಟ 2004ರಲ್ಲಿ ಹೊರಬಂದಿತು. ಅಕಾರದಿಂದ ತೊಡಗಿದ ಕಾರ್ಯ ಕೊನೆಯ ಅಕ್ಷರವನ್ನು ಮುಟ್ಟುವಷ್ಟರಲ್ಲಿ ಮೂವತ್ತೈದು ವರ್ಷಗಳು ಕಳೆದಿದ್ದವು. ಅಷ್ಟರಲ್ಲಿ ಮೊದಲ ಸಂಪುಟದ ಅನೇಕ ವಿವರಗಳು ಹಳೆಯದಾಗಿದ್ದುದು ಸಹಜವೇ ಆಗಿದೆ. ಇದು ಸಂಪಾದಕರ ದೋಷವಲ್ಲ; ಮುದ್ರಿತ ವಿಶ್ವಕೋಶವೆಂಬ ಪ್ರಕಾರದ ಮಿತಿ.

ಈ ಮಿತಿಯನ್ನು ದಾಟುವ ಮಾರ್ಗವೊಂದು ಅಂತರಜಾಲದ ಮೂಲಕ ತೆರೆದುಕೊಂಡಿತು. 1995ರಲ್ಲಿ ವಾರ್ಡ್ ಕನಿಂಗ್‌ಹ್ಯಾಮ್ ರೂಪಿಸಿದ, ಓದುವವರೇ ತಿದ್ದಬಹುದಾದ ಪುಟಗಳ ವ್ಯವಸ್ಥೆಗೆ ‘ವಿಕಿ’ ಎಂಬ ಹೆಸರು ಬಂದಿತು. ಹವಾಯಿ ಭಾಷೆಯಲ್ಲಿ ಈ ಪದಕ್ಕೆ ‘ಬೇಗ’ ಎಂದು ಅರ್ಥ. ಅದೇ ತತ್ತ್ವದ ಮೇಲೆ 2001ರ ಜನವರಿಯಲ್ಲಿ ಇಂಗ್ಲಿಷ್ ವಿಕಿಪೀಡಿಯವೂ 2003ರಲ್ಲಿ ಕನ್ನಡ ವಿಕಿಪೀಡಿಯವೂ ಆರಂಭವಾದವು. ಇಂದು ಕನ್ನಡ ವಿಕಿಪೀಡಿಯದಲ್ಲಿ ಮೂವತ್ತು ಸಾವಿರಕ್ಕೂ ಹೆಚ್ಚು ಲೇಖನಗಳಿವೆ. ಇಲ್ಲಿ ಬರೆಯುವುದಕ್ಕೆ ಪದವಿಯ ಅರ್ಹತೆ ಬೇಕಿಲ್ಲ, ಆಹ್ವಾನವೂ ಬೇಕಿಲ್ಲ. ಪ್ರಕಟಣೆಗೆ ಮುನ್ನ ಬರಹವನ್ನು ಪರಿಶೀಲಿಸುವ ಸಂಪಾದಕ ಮಂಡಳಿಯೂ ಇಲ್ಲ.

ಸಂಪಾದಕ ಮಂಡಳಿಯೊಂದು ನಿರ್ವಹಿಸುತ್ತಿದ್ದ ಹೊಣೆಯನ್ನು ಬರೆಯುವ ಪ್ರತಿಯೊಬ್ಬರೂ ಹೊರಬೇಕಾದಾಗ ಅವರು ಯಾವ ಶಿಸ್ತನ್ನು ರೂಢಿಸಿಕೊಳ್ಳಬೇಕು ಎಂಬುದು ಪ್ರಸ್ತುತ ಲೇಖನದ ವಿಚಾರ. ಕನ್ನಡ ಸಾಹಿತ್ಯವನ್ನೂ ಇತಿಹಾಸವನ್ನೂ ವ್ಯಾಸಂಗ ಮಾಡಿ ಈ ಕಾರ್ಯಕ್ಕೆ ಹೊಸದಾಗಿ ಬರುವ ವಿದ್ಯಾರ್ಥಿಗಳು ಮತ್ತು ಅಧ್ಯಾಪಕರನ್ನು ಮುಖ್ಯವಾಗಿ ಗಮನದಲ್ಲಿಟ್ಟುಕೊಂಡು ಇಲ್ಲಿ ಚರ್ಚಿಸಲಾಗಿದೆ.

2. ಸಂಶೋಧನ ಲೇಖನ ಮತ್ತು ವಿಶ್ವಕೋಶದ ಲೇಖನ

ಸಂಶೋಧನೆಯಲ್ಲಿ ತರಬೇತಿ ಪಡೆದವರಿಗೆ ವಿಶ್ವಕೋಶದ ಬರವಣಿಗೆ ಸುಲಭವೆಂದು ತೋರುತ್ತದೆ. ವಸ್ತುಸ್ಥಿತಿ ಹಾಗಿಲ್ಲ. ಸಂಶೋಧನ ಲೇಖನದ ಸಾರ್ಥಕತೆ ಇರುವುದು ಹೊಸದನ್ನು ಹೇಳುವುದರಲ್ಲಿ. ವಿಶ್ವಕೋಶದ ಲೇಖನದ ಸಾರ್ಥಕತೆ ಇರುವುದು ಈಗಾಗಲೇ ಸ್ಥಾಪಿತವಾದುದನ್ನು ನಿಷ್ಠೆಯಿಂದ ನಿರೂಪಿಸುವುದರಲ್ಲಿ. ಒಂದು ಶಾಸನದ ಪಾಠವನ್ನು ಸಂಶೋಧಕನೊಬ್ಬ ಹೊಸದಾಗಿ ಓದಿ, ಹಿಂದಿನವರ ಓದು ತಪ್ಪೆಂದು ಕಂಡುಕೊಂಡಿರಬಹುದು. ಅವನ ಓದು ಸರಿಯಾಗಿಯೂ ಇರಬಹುದು. ಆದರೂ ಅದು ವಿದ್ವತ್ಪತ್ರಿಕೆಯಲ್ಲಿ ಪ್ರಕಟವಾಗಿ ಇತರರ ಪರಿಶೀಲನೆಗೆ ಒಳಗಾಗುವ ಮೊದಲು ವಿಶ್ವಕೋಶದಲ್ಲಿ ಸೇರುವಂತಿಲ್ಲ. ವಿಕಿಪೀಡಿಯದ ಮೂಲನಿಯಮಗಳಲ್ಲಿ ‘ಸ್ವಂತ ಸಂಶೋಧನೆ ಸಲ್ಲದು’ ಎಂಬುದೂ ಒಂದು.

ಹಲ್ಮಿಡಿ ಶಾಸನದ ಉದಾಹರಣೆಯಿಂದ ಇದು ಸ್ಪಷ್ಟವಾಗುತ್ತದೆ. ಹಾಸನ ಜಿಲ್ಲೆಯ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿದ್ದ ಈ ಶಾಸನವನ್ನು 1936ರಲ್ಲಿ ಎಂ.ಎಚ್. ಕೃಷ್ಣ ಅವರು ಬೆಳಕಿಗೆ ತಂದರು. ಶಾಸನದಲ್ಲಿ ಕಾಲದ ಉಲ್ಲೇಖವಿಲ್ಲ. ಲಿಪಿ ಮತ್ತು ಒಳಗಿನ ವಿಷಯಗಳನ್ನು ಆಧರಿಸಿ ಅದನ್ನು ಕ್ರಿ.ಶ. 450ರ ಸುಮಾರಿನದೆಂದು ಸಾಮಾನ್ಯವಾಗಿ ಹೇಳಲಾಗುತ್ತದೆ. ಹಲವು ದಶಕಗಳ ಪಠ್ಯಪುಸ್ತಕಗಳು ಇದನ್ನು ‘ಕನ್ನಡದ ಮೊಟ್ಟಮೊದಲ ಶಾಸನ’ವೆಂದು ಕರೆದಿವೆ. ಆದರೆ 2013-14ರಲ್ಲಿ ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ತಾಲ್ಲೂಕಿನ ತಾಳಗುಂದದಲ್ಲಿ ಭಾರತೀಯ ಪುರಾತತ್ತ್ವ ಇಲಾಖೆಯು ನಡೆಸಿದ ಉತ್ಖನನದಲ್ಲಿ ಸಿಂಹಕಟಾಂಜನ ಶಾಸನ ದೊರೆತು, ಅದರ ಕಾಲ ಕ್ರಿ.ಶ. 370 ಎಂಬ ಅಭಿಪ್ರಾಯ ಬಂದ ಮೇಲೆ ಈ ಹೇಳಿಕೆ ಮರುಪರಿಶೀಲನೆಗೆ ಒಳಗಾಯಿತು.

ಇಂತಹ ಸಂದರ್ಭದಲ್ಲಿ ಹೊಸ ಬರಹಗಾರರು ಎರಡು ಬಗೆಯಲ್ಲಿ ಎಡವುತ್ತಾರೆ. ಹಳೆಯ ಪಠ್ಯಪುಸ್ತಕವನ್ನು ನಂಬಿ ‘ಹಲ್ಮಿಡಿಯೇ ಮೊದಲನೆಯದು’ ಎಂದು ಬರೆಯುವುದು ಒಂದು ಬಗೆ. ಹೊಸ ಸುದ್ದಿಯನ್ನು ನಂಬಿ ಹಳೆಯ ವಾಕ್ಯವನ್ನು ಅಳಿಸಿ ‘ತಾಳಗುಂದವೇ ಮೊದಲನೆಯದು’ ಎಂದು ಬರೆಯುವುದು ಇನ್ನೊಂದು ಬಗೆ. ಎರಡರಲ್ಲಿಯೂ ಬರಹಗಾರರೇ ತೀರ್ಪುಗಾರರಾಗಿದ್ದಾರೆ. ವಿಶ್ವಕೋಶದಲ್ಲಿ ಬರೆಯಬೇಕಾದುದು ಇಷ್ಟು: ಹಲ್ಮಿಡಿ ಶಾಸನ ಯಾವಾಗ, ಯಾರಿಂದ ಬೆಳಕಿಗೆ ಬಂದಿತು, ಅದರ ಕಾಲವನ್ನು ಯಾವ ಆಧಾರದ ಮೇಲೆ ನಿರ್ಣಯಿಸಲಾಯಿತು, ಬಹುಕಾಲ ಅದನ್ನು ಹೇಗೆ ಪರಿಗಣಿಸಲಾಗಿತ್ತು, ತಾಳಗುಂದದ ಶೋಧದಿಂದ ಈ ತಿಳಿವಳಿಕೆಯಲ್ಲಿ ಆದ ಬದಲಾವಣೆ ಏನು. ಪ್ರತಿಯೊಂದು ಹೇಳಿಕೆಗೂ ಅದರದೇ ಆದ ಆಧಾರವನ್ನು ಕೊಡಬೇಕು. ಹೀಗೆ ಬರೆದ ಲೇಖನ ನಾಳೆ ಮತ್ತೊಂದು ಶಾಸನ ದೊರೆತಾಗಲೂ ಸುಳ್ಳಾಗುವುದಿಲ್ಲ. ಅದಕ್ಕೆ ಇನ್ನೊಂದು ವಾಕ್ಯ ಸೇರುತ್ತದೆ, ಅಷ್ಟೆ.

3. ಆಧಾರದ ಆಯ್ಕೆ

‘ಎಲ್ಲರಿಗೂ ಗೊತ್ತಿರುವ ಸಂಗತಿ’ ಎಂಬುದು ವಿಶ್ವಕೋಶದಲ್ಲಿ ಆಧಾರವಾಗುವುದಿಲ್ಲ. ಓದುಗನು ಬಯಸಿದರೆ ತಾನೇ ಹೋಗಿ ಪರೀಕ್ಷಿಸಬಹುದಾದ, ಪ್ರಕಟಿತ, ವಿಶ್ವಾಸಾರ್ಹ ಮೂಲವೇ ಆಧಾರ. ಕನ್ನಡದ ಮಟ್ಟಿಗೆ ಇಂತಹ ಮೂಲಗಳ ದೊಡ್ಡ ಸಂಪತ್ತು ಇಂದಿಗೂ ಮುದ್ರಿತ ಗ್ರಂಥಗಳಲ್ಲಿಯೇ ಇದೆ. ವಿಶ್ವವಿದ್ಯಾನಿಲಯದ ಗ್ರಂಥಾಲಯವನ್ನು ಬಳಸಬಲ್ಲ ವಿದ್ಯಾರ್ಥಿಗೆ ಇಲ್ಲಿ ವಿಶೇಷ ಸ್ಥಾನವಿದೆ. ಅಂತರಜಾಲದಲ್ಲಿ ಹುಡುಕಿದರೆ ಸಿಗದ ವಿಷಯವನ್ನು ಪುಟಸಂಖ್ಯೆಯ ಸಹಿತ ಒದಗಿಸಬಲ್ಲವರು ಅವರೇ ಆಗಿದ್ದಾರೆ.

ಮುದ್ರಿತ ಮೂಲವನ್ನು ಉಲ್ಲೇಖಿಸುವಾಗ ಆವೃತ್ತಿಯನ್ನು ತಪ್ಪದೆ ನಮೂದಿಸಬೇಕು. ‘ಎಪಿಗ್ರಾಫಿಯಾ ಕರ್ನಾಟಿಕಾ’ದ ಶ್ರವಣಬೆಳಗೊಳ ಸಂಪುಟವನ್ನು 1889ರಲ್ಲಿ ಬಿ.ಎಲ್. ರೈಸ್ ಪ್ರಕಟಿಸಿದಾಗ ಅದರಲ್ಲಿ 144 ಶಾಸನಗಳಿದ್ದವು. ಆರ್. ನರಸಿಂಹಾಚಾರ್ ಅವರು ಪರಿಷ್ಕರಿಸಿ 1923ರಲ್ಲಿ ಹೊರತಂದ ಆವೃತ್ತಿಯಲ್ಲಿ ಅವು 500 ಆದವು. ಮೈಸೂರು ವಿಶ್ವವಿದ್ಯಾನಿಲಯದ 1973ರ ಆವೃತ್ತಿಯಲ್ಲಿ ಆ ಸಂಖ್ಯೆ 573ಕ್ಕೆ ಏರಿತು. ಕ್ರಮಸಂಖ್ಯೆಗಳೂ ಅದಕ್ಕೆ ತಕ್ಕಂತೆ ಬದಲಾಗಿವೆ. ‘ಶ್ರವಣಬೆಳಗೊಳ, ಸಂಖ್ಯೆ 85’ ಎಂದಷ್ಟೇ ಬರೆದರೆ ಓದುಗನು ಯಾವ ಶಾಸನವನ್ನು ನೋಡಬೇಕೆಂಬುದೇ ತಿಳಿಯದು. ಆಧಾರ ಕೊಟ್ಟಂತೆ ಕಂಡರೂ ಪರೀಕ್ಷೆಗೆ ಒದಗದ ಇಂತಹ ಉಲ್ಲೇಖ, ಉಲ್ಲೇಖವಿಲ್ಲದಿರುವುದಕ್ಕಿಂತ ಹೆಚ್ಚಿನ ತೊಡಕನ್ನು ಉಂಟುಮಾಡುತ್ತದೆ.

ಮೂಲದ ಹಳಮೆಯೂ ಗಮನಿಸಬೇಕಾದ ಸಂಗತಿ. 1907ರಲ್ಲಿ ಮೊದಲ ಸಂಪುಟ ಪ್ರಕಟವಾದ ‘ಕರ್ನಾಟಕ ಕವಿಚರಿತೆ’ ಕನ್ನಡ ಸಾಹಿತ್ಯಚರಿತ್ರೆಗೆ ತಳಹದಿ ಹಾಕಿದ ಗ್ರಂಥ. ಆದರೆ ಅದರಲ್ಲಿ ಸೂಚಿತವಾದ ಕವಿಕಾಲಗಳಲ್ಲಿ ಕೆಲವನ್ನು ಅನಂತರದ ವಿದ್ವಾಂಸರು ತಿದ್ದಿದ್ದಾರೆ. ಕವಿಚರಿತೆಯ ಗೌರವ ಅದರಿಂದ ಕುಂದುವುದಿಲ್ಲ; ಆದರೆ ಅದೊಂದನ್ನೇ ಆಧರಿಸಿ ಇಂದು ಕವಿಯೊಬ್ಬನ ಕಾಲವನ್ನು ನಿರ್ಣಾಯಕವಾಗಿ ಬರೆಯುವುದು ಸರಿಯೆನಿಸದು.

ಇವೆಲ್ಲಕ್ಕಿಂತ ಗಂಭೀರವಾದ ಅಪಾಯ ಚಕ್ರಾಕಾರದ ಉಲ್ಲೇಖ. ಯಾರೋ ಒಬ್ಬರು ವಿಕಿಪೀಡಿಯದಲ್ಲಿ ಆಧಾರವಿಲ್ಲದೆ ಒಂದು ಜನ್ಮದಿನಾಂಕವನ್ನು ಬರೆಯುತ್ತಾರೆ. ಅವಸರದಲ್ಲಿರುವ ಪತ್ರಿಕಾ ಬರಹಗಾರರೊಬ್ಬರು ಅದನ್ನು ತಮ್ಮ ಲೇಖನಕ್ಕೆ ಎತ್ತಿಕೊಳ್ಳುತ್ತಾರೆ. ಮುಂದೆ ಮತ್ತೊಬ್ಬರು ಬಂದು ಆ ಪತ್ರಿಕಾ ಲೇಖನವನ್ನೇ ವಿಕಿಪೀಡಿಯದ ವಾಕ್ಯಕ್ಕೆ ಆಧಾರವಾಗಿ ಕೊಡುತ್ತಾರೆ. ತಪ್ಪು ತನಗೆ ತಾನೇ ಸಾಕ್ಷಿಯಾಗಿ ನಿಲ್ಲುತ್ತದೆ. ಇದನ್ನು ಪತ್ತೆಹಚ್ಚಲು ಸರಳವಾದ ವಿಧಾನವೊಂದಿದೆ. ಪ್ರತಿ ಪುಟದ ‘ಇತಿಹಾಸ’ದಲ್ಲಿ ಯಾವ ಬದಲಾವಣೆ ಯಾವ ದಿನ ಆಯಿತೆಂಬ ದಾಖಲೆ ಉಳಿದಿರುತ್ತದೆ. ವಾಕ್ಯ ಸೇರಿದ ದಿನಾಂಕವನ್ನು ಆಧಾರವೆಂದು ಕೊಟ್ಟ ಲೇಖನದ ದಿನಾಂಕದೊಡನೆ ಹೋಲಿಸಬೇಕು. ಆಧಾರವು ವಾಕ್ಯಕ್ಕಿಂತ ಅನಂತರದ್ದಾಗಿದ್ದರೆ ಅದನ್ನು ಸಂಶಯದಿಂದಲೇ ನೋಡಬೇಕು.

ಇಂಗ್ಲಿಷಿನಂತಹ ಭಾಷೆಯಲ್ಲಿ ಒಂದು ತಪ್ಪನ್ನು ಅಲ್ಲಗಳೆಯುವ ಹತ್ತು ಮೂಲಗಳು ಅಂತರಜಾಲದಲ್ಲಿಯೇ ಇರುತ್ತವೆ. 2005ರಲ್ಲಿ ‘ನೇಚರ್’ ಪತ್ರಿಕೆಯು 42 ವಿಜ್ಞಾನ ವಿಷಯಗಳನ್ನು ಕುರಿತು ಇಂಗ್ಲಿಷ್ ವಿಕಿಪೀಡಿಯ ಮತ್ತು ಬ್ರಿಟಾನಿಕಾ ವಿಶ್ವಕೋಶಗಳನ್ನು ಹೋಲಿಸಿ, ಒಂದು ಲೇಖನದಲ್ಲಿ ಸರಾಸರಿ ಕ್ರಮವಾಗಿ ನಾಲ್ಕು ಮತ್ತು ಮೂರು ದೋಷಗಳಿವೆಯೆಂದು ವರದಿ ಮಾಡಿತು. ಬ್ರಿಟಾನಿಕಾ ಸಂಸ್ಥೆಯು ಈ ವರದಿಯನ್ನು ಒಪ್ಪಲಿಲ್ಲ. ಈ ಹೋಲಿಕೆಯನ್ನು ಮುಂದಿಟ್ಟು ಕನ್ನಡ ವಿಕಿಪೀಡಿಯವೂ ಅಷ್ಟೇ ವಿಶ್ವಾಸಾರ್ಹವೆಂದು ಭಾವಿಸುವುದು ಸಮಂಜಸವಲ್ಲ. ಅಲ್ಲಿ ತಿದ್ದುವ ಕೈಗಳು ಅಸಂಖ್ಯ, ಇಲ್ಲಿ ಕೆಲವೇ. ಕನ್ನಡದಲ್ಲಿ ಒಂದು ಊರನ್ನೋ ಒಬ್ಬ ಲೇಖಕರನ್ನೋ ಕುರಿತು ಅಂತರಜಾಲದಲ್ಲಿರುವುದು ಅನೇಕ ವೇಳೆ ಅದೊಂದೇ ಪುಟ. ಅಲ್ಲಿ ತಪ್ಪಿದರೆ ಅಲ್ಲಗಳೆಯುವ ಮತ್ತೊಂದು ಪುಟವೇ ಇರುವುದಿಲ್ಲ. ಈಚಿನ ವರ್ಷಗಳಲ್ಲಿ ಗಣಕಯಂತ್ರದ ಭಾಷಾಮಾದರಿಗಳೂ ವಿಕಿಪೀಡಿಯದ ಪಠ್ಯದಿಂದಲೇ ಕಲಿಯುತ್ತಿರುವುದರಿಂದ ಒಂದು ತಪ್ಪಿನ ಪ್ರಸಾರ ಮತ್ತಷ್ಟು ವೇಗವನ್ನು ಪಡೆದಿದೆ.

4. ತಟಸ್ಥ ನಿರೂಪಣೆ

ವಿದ್ವಾಂಸರಲ್ಲಿ ಭಿನ್ನಾಭಿಪ್ರಾಯವಿರುವ ವಿಷಯಗಳಲ್ಲಿ ವಿಶ್ವಕೋಶವು ಪಕ್ಷ ವಹಿಸುವಂತಿಲ್ಲ. ‘ಕವಿರಾಜಮಾರ್ಗ’ದ ಕರ್ತೃತ್ವ ಇದಕ್ಕೆ ಉತ್ತಮ ನಿದರ್ಶನ. 1898ರಲ್ಲಿ ಕೆ.ಬಿ. ಪಾಠಕ್ ಅವರು ಸಂಪಾದಿಸಿದ ಆವೃತ್ತಿ ನೃಪತುಂಗನ ಹೆಸರಿನಲ್ಲಿ ಪ್ರಕಟವಾಯಿತು. ಕೃತಿಯಲ್ಲಿ ಬರುವ ‘ನೃಪತುಂಗದೇವಾನುಮತ’ ಎಂಬ ಮಾತನ್ನು ಆಧರಿಸಿ, ಕರ್ತೃ ನೃಪತುಂಗನಲ್ಲ, ಅವನ ಸಮ್ಮತಿಯಿಂದ ಶ್ರೀವಿಜಯನು ಇದನ್ನು ರಚಿಸಿದನು ಎಂಬ ವಾದ ಬೆಳೆದು ವ್ಯಾಪಕವಾಗಿ ಮನ್ನಣೆ ಪಡೆಯಿತು. ಈ ವಿಷಯದಲ್ಲಿ ಬರಹಗಾರರಿಗೆ ಸ್ವಂತ ನಿಲುವಿರುವುದು ತಪ್ಪಲ್ಲ. ಆದರೆ ಲೇಖನದಲ್ಲಿ ಕಾಣಬೇಕಾದುದು ಆ ನಿಲುವಲ್ಲ, ವಾದಗಳ ಸ್ವರೂಪ. ಯಾವ ವಾದವನ್ನು ಯಾರು ಮಂಡಿಸಿದರು, ಅದಕ್ಕೆ ಕೊಟ್ಟ ಕಾರಣವೇನು, ಇಂದು ಯಾವುದಕ್ಕೆ ಹೆಚ್ಚಿನ ಒಪ್ಪಿಗೆಯಿದೆ ಎಂಬುದನ್ನು ತೂಕ ತಪ್ಪದಂತೆ ಹೇಳಬೇಕು. ತಟಸ್ಥತೆಯೆಂದರೆ ಎಲ್ಲ ಅಭಿಪ್ರಾಯಗಳಿಗೂ ಸಮಾನ ಸ್ಥಳವನ್ನು ಹಂಚುವುದಲ್ಲ. ವಿದ್ವತ್ತಿನ ವಲಯದಲ್ಲಿ ಬೆಂಬಲವಿಲ್ಲದ ಊಹೆಯನ್ನು ಪ್ರಬಲವಾದ ವಾದದ ಪಕ್ಕದಲ್ಲಿ ಸರಿಸಮನಾಗಿ ನಿಲ್ಲಿಸುವುದೂ ಒಂದು ಬಗೆಯ ಪಕ್ಷಪಾತವೇ.

ವ್ಯಕ್ತಿಗಳನ್ನು ಕುರಿತ ಲೇಖನಗಳಲ್ಲಿ ತಟಸ್ಥತೆಗೆ ಬರುವ ಅಡ್ಡಿ ಬೇರೆ ಬಗೆಯದು. ಅಭಿನಂದನ ಗ್ರಂಥ, ಮುನ್ನುಡಿ, ಸನ್ಮಾನಪತ್ರಗಳ ಭಾಷೆ ಕನ್ನಡದ ಬರಹಗಾರರಿಗೆ ಚೆನ್ನಾಗಿ ರೂಢಿಯಾಗಿದೆ. ‘ನಾಡಿನ ಹೆಮ್ಮೆಯ ಪುತ್ರ’, ‘ಬಹುಮುಖ ಪ್ರತಿಭೆ’, ‘ಸರಳ ಸಜ್ಜನಿಕೆಯ ಸಾಕಾರಮೂರ್ತಿ’ ಮೊದಲಾದ ವಿಶೇಷಣಗಳು ಅನಾಯಾಸವಾಗಿ ಬಂದು ಕೂರುತ್ತವೆ. ಇವು ಯಾವ ಲೇಖಕರಿಗಾದರೂ ಹೊಂದುತ್ತವೆ. ಆದ್ದರಿಂದಲೇ ಯಾರ ವಿಷಯವಾಗಿಯೂ ಏನನ್ನೂ ತಿಳಿಸುವುದಿಲ್ಲ. ಕುವೆಂಪು ಅವರನ್ನು ‘ಶ್ರೇಷ್ಠ ಕವಿ’ ಎಂದು ಕರೆಯುವುದಕ್ಕಿಂತ, ‘ಶ್ರೀ ರಾಮಾಯಣ ದರ್ಶನಂ’ ಮಹಾಕಾವ್ಯಕ್ಕೆ 1955ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿಯೂ 1967ರ ಸಾಲಿನ ಜ್ಞಾನಪೀಠ ಪ್ರಶಸ್ತಿಯೂ ಸಂದವು, ಕನ್ನಡಕ್ಕೆ ಜ್ಞಾನಪೀಠ ಬಂದುದು ಅದೇ ಮೊದಲು ಎಂದು ಬರೆಯುವುದು ಹೆಚ್ಚು ಅರ್ಥಪೂರ್ಣ. ಶ್ರೇಷ್ಠತೆಯ ನಿರ್ಣಯವನ್ನು ಓದುಗನಿಗೆ ಬಿಡಬಹುದು. ವಿಮರ್ಶಕರ ಪ್ರಶಂಸೆಯನ್ನಾಗಲಿ ಆಕ್ಷೇಪವನ್ನಾಗಲಿ ಸೇರಿಸುವುದಾದರೆ ಆ ವಿಮರ್ಶಕರ ಹೆಸರಿನಲ್ಲಿಯೇ ಸೇರಿಸಬೇಕು.

ಗೌರವಸೂಚಕ ರೂಪಗಳ ವಿಷಯದಲ್ಲಿ ಒಂದು ಸ್ಪಷ್ಟೀಕರಣ ಅಗತ್ಯ. ಪಂಪ, ರನ್ನ ಮೊದಲಾದ ಪ್ರಾಚೀನರಿಗೆ ಏಕವಚನವನ್ನೂ ಆಧುನಿಕರಿಗೆ ಬಹುವಚನವನ್ನೂ ಬಳಸುವುದು ಕನ್ನಡ ಗದ್ಯದ ಸಂಪ್ರದಾಯ. ಇದನ್ನು ಪಾಲಿಸುವುದರಿಂದ ತಟಸ್ಥತೆಗೆ ಭಂಗ ಬರುವುದಿಲ್ಲ. ‘ಅವರು’ ಎಂಬುದು ಭಾಷೆಯ ಮರ್ಯಾದೆ. ‘ಪ್ರಾತಃಸ್ಮರಣೀಯರು’ ಎಂಬುದು ಬರಹಗಾರನ ಭಾವನೆ. ಮೊದಲನೆಯದು ಇರಬೇಕು, ಎರಡನೆಯದು ಇರಬಾರದು.

ತನ್ನನ್ನು, ತನ್ನ ಕುಟುಂಬದವರನ್ನು, ತಾನು ಕೆಲಸ ಮಾಡುವ ಸಂಸ್ಥೆಯನ್ನು ಅಥವಾ ತನ್ನ ಮಾರ್ಗದರ್ಶಕರನ್ನು ಕುರಿತು ಬರೆಯದಿರುವುದು ಲೇಸು. ಗುರುಭಕ್ತಿ ಸದ್ಗುಣವೇ ಆದರೂ ವಿಶ್ವಕೋಶದ ಲೇಖನಕ್ಕೆ ಅದು ಸಾಮಗ್ರಿಯಾಗಲಾರದು. ಅಂತಹ ಪುಟದಲ್ಲಿ ತಪ್ಪು ಕಂಡರೆ ನೇರವಾಗಿ ತಿದ್ದದೆ, ಆ ಪುಟದ ಚರ್ಚೆಯ ವಿಭಾಗದಲ್ಲಿ ತನ್ನ ಸಂಬಂಧವನ್ನು ತಿಳಿಸಿ, ಆಧಾರದೊಡನೆ ಸೂಚಿಸಬಹುದು.

5. ಭಾಷೆ ಮತ್ತು ಅನುವಾದ

ಹೊಸಬರಲ್ಲಿ ಅನೇಕರು ಇಂಗ್ಲಿಷ್ ಲೇಖನದ ಅನುವಾದದಿಂದ ತೊಡಗುತ್ತಾರೆ. ಕಳೆದ ದಶಕಗಳ ಅನುಭವ ಈ ವಿಷಯದಲ್ಲಿ ಎಚ್ಚರಿಕೆಯ ಪಾಠವನ್ನು ಕಲಿಸಿದೆ. 2009ರಿಂದ 2011ರವರೆಗಿನ ಅವಧಿಯಲ್ಲಿ ಗೂಗಲ್ ಸಂಸ್ಥೆಯ ಯೋಜನೆಯೊಂದರಡಿ ಅನುವಾದ ಸಲಕರಣೆಯ ನೆರವಿನಿಂದ ಇಂಗ್ಲಿಷ್ ಲೇಖನಗಳು ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳ ವಿಕಿಪೀಡಿಯಗಳಿಗೆ ಬಂದವು. ಪುಟಗಳು ದೀರ್ಘವಾಗಿದ್ದವು, ಆದರೆ ವಾಕ್ಯರಚನೆ ಇಂಗ್ಲಿಷಿನದೇ ಆಗಿ, ಕನ್ನಡದ ಓದುಗರಿಗೆ ಅರ್ಥವಾಗದ ಭಾಗಗಳು ಹೇರಳವಾಗಿದ್ದವು. ವಿಷಯಗಳ ಆಯ್ಕೆಯಲ್ಲಿಯೂ ಕನ್ನಡ ಓದುಗರ ಅಗತ್ಯ ಮುಖ್ಯವಾಗಿರಲಿಲ್ಲ. ಒಂದು ಪುಟವನ್ನು ಹೊಸದಾಗಿ ಬರೆಯುವುದಕ್ಕಿಂತ ಇಂತಹ ಪುಟವನ್ನು ತಿದ್ದುವುದೇ ಹೆಚ್ಚು ಶ್ರಮದ ಕೆಲಸವೆಂಬುದು ಹಳೆಯ ಸಂಪಾದಕರು ಅನುಭವದಿಂದ ಕಂಡುಕೊಂಡ ಸತ್ಯ.

ಇಂದು ಯಂತ್ರಾನುವಾದದ ಗುಣಮಟ್ಟ ಸುಧಾರಿಸಿದೆ. ಅಪಾಯದ ಸ್ವರೂಪವೂ ಬದಲಾಗಿದೆ. ಮೊದಲು ವಾಕ್ಯ ತೊಡಕಾಗಿರುತ್ತಿದ್ದುದರಿಂದ ದೋಷ ಕೂಡಲೇ ಕಣ್ಣಿಗೆ ಬೀಳುತ್ತಿತ್ತು. ಈಗ ವಾಕ್ಯ ಸರಾಗವಾಗಿರುತ್ತದೆ, ಒಳಗಿನ ಸಂಗತಿ ತಪ್ಪಾಗಿರಬಹುದು. ಯಂತ್ರವೇ ರಚಿಸಿಕೊಡುವ ಬರಹದಲ್ಲಿ ಇಲ್ಲದ ಗ್ರಂಥಗಳ ಹೆಸರೂ ಇಲ್ಲದ ಪುಟಸಂಖ್ಯೆಯೂ ಆಧಾರಗಳಾಗಿ ಕಾಣಿಸಿಕೊಳ್ಳುವುದುಂಟು. ಕೈಯಲ್ಲಿ ಹಿಡಿದು ನೋಡದ ಗ್ರಂಥವನ್ನು ಉಲ್ಲೇಖಿಸಬಾರದೆಂಬ ಸಂಶೋಧನೆಯ ಹಳೆಯ ನಿಯಮವೇ ಇಲ್ಲಿ ರಕ್ಷೆ. ಅನುವಾದಿಸುವುದಾದರೆ ಇಡೀ ಪರಿಚ್ಛೇದವನ್ನು ಓದಿ, ಪುಸ್ತಕವನ್ನು ಮುಚ್ಚಿ, ಕನ್ನಡದಲ್ಲಿ ಮತ್ತೊಬ್ಬರಿಗೆ ವಿವರಿಸುವಂತೆ ಬರೆದು, ಅನಂತರ ಮೂಲದೊಡನೆ ಹೋಲಿಸುವುದು ಉತ್ತಮ ಕ್ರಮ.

ಪಾರಿಭಾಷಿಕ ಪದಗಳಲ್ಲಿ ಬಳಕೆಗೆ ಬಂದಿರುವುದನ್ನೇ ಆರಿಸಬೇಕು. ‘ದ್ಯುತಿಸಂಶ್ಲೇಷಣೆ’ ಶಾಲಾ ಪಠ್ಯದಿಂದ ಪರಿಚಿತವಾಗಿದೆ. ‘ಬಸ್ಸು’, ‘ರೇಡಿಯೊ’ ಕನ್ನಡದ ಪದಗಳೇ ಆಗಿವೆ. ಇವೆರಡರ ನಡುವೆ ಬರಹಗಾರನೇ ಟಂಕಿಸಿದ ಪದಕ್ಕೆ ವಿಶ್ವಕೋಶದಲ್ಲಿ ಸ್ಥಾನವಿಲ್ಲ. ಪದಸೃಷ್ಟಿಯೂ ಒಂದು ಬಗೆಯ ಸ್ವಂತ ಸಂಶೋಧನೆಯೇ.

ಲಿಪಿಯ ವಿಷಯದಲ್ಲಿ ಎರಡು ಸೂಚನೆಗಳು ಪ್ರಯೋಜನಕರ. ಹಳೆಯ ಫಾಂಟುಗಳಲ್ಲಿ ಬೆರಳಚ್ಚು ಮಾಡಿದ ಪಠ್ಯವನ್ನು ಯೂನಿಕೋಡ್‌ಗೆ ಪರಿವರ್ತಿಸಿ, ಕರಡು ತಿದ್ದಿದ ಮೇಲೆಯೇ ಬಳಸಬೇಕು. ಅನುಸ್ವಾರದ ಸ್ಥಾನದಲ್ಲಿ ಕನ್ನಡದ ಸೊನ್ನೆಯನ್ನು ಒತ್ತುವ ಅಭ್ಯಾಸವನ್ನು ಬಿಡಬೇಕು. ಕಣ್ಣಿಗೆ ಎರಡೂ ಒಂದೇ ಆಗಿ ಕಂಡರೂ ಗಣಕಯಂತ್ರಕ್ಕೆ ಅವು ಬೇರೆ ಬೇರೆ ಸಂಕೇತಗಳು. ಹಾಗೆ ಬರೆದ ‘ಪಂಪ’ ಹುಡುಕಿದಾಗ ಸಿಗದೆ ಹೋಗಬಹುದು. ಶೀರ್ಷಿಕೆಗೆ ಹೆಚ್ಚು ಪ್ರಚಲಿತವಾದ ರೂಪವನ್ನು ಆರಿಸಿ, ಉಳಿದ ರೂಪಗಳಿಂದ ಅಲ್ಲಿಗೆ ದಾರಿ ತೋರುವ ಪುನರ್ನಿರ್ದೇಶನಗಳನ್ನು ಮಾಡಬೇಕು. ‘ಅಂಬಿಕಾತನಯದತ್ತ’ ಎಂದು ಹುಡುಕಿದವರಿಗೂ ದ.ರಾ. ಬೇಂದ್ರೆಯವರ ಪುಟ ದೊರೆಯಬೇಕು.

6. ಕೃತಿಸ್ವಾಮ್ಯ

ಆಧಾರವನ್ನು ಕೊಡುವುದು ಬೇರೆ, ಆಧಾರಗ್ರಂಥದ ವಾಕ್ಯಗಳನ್ನೇ ನಕಲು ಮಾಡುವುದು ಬೇರೆ. ಗ್ರಂಥದ ಹೆಸರನ್ನು ನಮೂದಿಸಿದ ಮಾತ್ರಕ್ಕೆ ನಕಲು ನ್ಯಾಯವಾಗುವುದಿಲ್ಲ. ಭಾರತದ 1957ರ ಕೃತಿಸ್ವಾಮ್ಯ ಕಾಯಿದೆಯಂತೆ, ಲೇಖಕರು ತಮ್ಮ ಜೀವಿತಕಾಲದಲ್ಲಿ ಪ್ರಕಟಿಸಿದ ಸಾಹಿತ್ಯಕೃತಿಗೆ ಅವರು ತೀರಿಕೊಂಡ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ರಕ್ಷಣೆಯಿದೆ. ಆರ್. ನರಸಿಂಹಾಚಾರ್ ಅವರು 1936ರಲ್ಲಿ ನಿಧನರಾದುದರಿಂದ ಕವಿಚರಿತೆಯ ಪಠ್ಯ ಇಂದು ಸಾರ್ವಜನಿಕ ಸ್ವತ್ತು. ಡಿ.ವಿ.ಜಿ. ಅವರು ನಿಧನರಾದುದು 1975ರಲ್ಲಿ. ಸಾಮಾನ್ಯ ನಿಯಮದಂತೆ ಅವರು ಪ್ರಕಟಿಸಿದ ಕೃತಿಗಳಿಗೆ 2035ರ ಕೊನೆಯವರೆಗೆ ರಕ್ಷಣೆ ಸಲ್ಲುತ್ತದೆ. ಇನ್ನು ಕೆಲವು ಕೃತಿಗಳನ್ನು ಹಕ್ಕುದಾರರೇ ಮುಕ್ತ ಪರವಾನಗಿಯಡಿ ನೀಡಿದ್ದಾರೆ. 2014ರಲ್ಲಿ ಮೈಸೂರು ವಿಶ್ವವಿದ್ಯಾನಿಲಯವು ಕನ್ನಡ ವಿಶ್ವಕೋಶದ ಸಂಪುಟಗಳನ್ನು ಹೀಗೆ ಬಿಡುಗಡೆ ಮಾಡಿದುದು ಕನ್ನಡ ವಿಕಿಪೀಡಿಯಕ್ಕೆ ದೊರೆತ ದೊಡ್ಡ ನೆರವು.

ಆದರೆ ಬಳಸಲು ಕಾನೂನಿನ ಅಡ್ಡಿಯಿಲ್ಲದ ಮಾತ್ರಕ್ಕೆ ಪಠ್ಯವು ಇಂದಿಗೆ ಸರಿಯಾಗಿದೆ ಎಂದಾಗುವುದಿಲ್ಲ. 1970ರ ದಶಕದಲ್ಲಿ ಬರೆದ ಜಿಲ್ಲೆಯೊಂದರ ವಿವರವನ್ನು ಹಾಗೆಯೇ ಇಳಿಸಿದರೆ ಅನಂತರ ರೂಪುಗೊಂಡ ಜಿಲ್ಲೆಗಳು ಅದರಲ್ಲಿ ಇರುವುದಿಲ್ಲ. ಜನಸಂಖ್ಯೆಯೂ ಅಂದಿನದೇ ಆಗಿರುತ್ತದೆ. ಹಳೆಯ ಪಠ್ಯವನ್ನು ಬಳಸುವಾಗ ಪ್ರತಿ ಅಂಕಿಗೂ ಅದರ ವರ್ಷವನ್ನು ಸೇರಿಸುವುದು, ‘ಈಗ’, ‘ಇತ್ತೀಚೆಗೆ’ ಎಂಬ ಪದಗಳನ್ನು ತೆಗೆದುಹಾಕುವುದು ಅವಶ್ಯಕ.

7. ಆರಂಭದ ಹೆಜ್ಜೆಗಳು

ಹೊಸಬರು ಮೊದಲ ದಿನವೇ ದೀರ್ಘ ಲೇಖನಕ್ಕೆ ಕೈಹಾಕುವುದು ಸೂಕ್ತವಲ್ಲ. ಸದಸ್ಯರಾಗಿ ನೋಂದಾಯಿಸಿಕೊಂಡು, ತಮಗೆ ಚೆನ್ನಾಗಿ ತಿಳಿದ ವಿಷಯದ ನಾಲ್ಕಾರು ಪುಟಗಳನ್ನು ಓದುವುದು ಮೊದಲ ಹಂತ. ಕಾಗುಣಿತದ ತಪ್ಪನ್ನು ತಿದ್ದುವುದು, ಆಧಾರವಿಲ್ಲದ ಒಂದು ವಾಕ್ಯಕ್ಕೆ ಆಧಾರ ಒದಗಿಸುವುದು, ‘ಚುಟುಕು’ ಎಂದು ಗುರುತಿಸಿದ ಪುಟವೊಂದನ್ನು ವಿಸ್ತರಿಸುವುದು ಅನಂತರದ ಹಂತಗಳು. ಹೊಸ ಲೇಖನವನ್ನು ಮೊದಲು ತಮ್ಮ ಪ್ರಯೋಗಪುಟದಲ್ಲಿ ಸಿದ್ಧಪಡಿಸಬಹುದು. ಪ್ರತಿ ಬಾರಿ ಉಳಿಸುವಾಗಲೂ ಏನನ್ನು, ಏಕೆ ಬದಲಾಯಿಸಲಾಯಿತು ಎಂಬ ಒಂದು ಸಾಲಿನ ಸಾರಾಂಶವನ್ನು ಬರೆಯಬೇಕು. ಮುಂದೆ ಬರುವವರಿಗೆ ಆ ಸಾಲೇ ವಿವರಣೆ.

ಹತ್ತು ಪುಟಗಳನ್ನು ಅರೆಬರೆಯಾಗಿ ತೆರೆಯುವುದಕ್ಕಿಂತ ಒಂದನ್ನು ಸರಿಯಾಗಿ ಬರೆಯುವುದು ಮೇಲು. ಅಂಕಗಳಿಗಾಗಿ ವಿದ್ಯಾರ್ಥಿಗಳಿಂದ ಲೇಖನ ಬರೆಯಿಸುವ ಕಾಲೇಜುಗಳು ಇದನ್ನು ಗಮನಿಸಬೇಕು. ಲೇಖನಗಳ ಸಂಖ್ಯೆಯನ್ನು ಎಣಿಸಿ ಅಂಕ ಕೊಟ್ಟರೆ ಸಂಖ್ಯೆಯೇ ಬೆಳೆಯುತ್ತದೆ. ಒಬ್ಬ ವಿದ್ಯಾರ್ಥಿ ಗ್ರಂಥಾಲಯದಲ್ಲಿ ಕುಳಿತು ಐದು ವಾಕ್ಯಗಳಿಗೆ ಐದು ಸರಿಯಾದ ಆಧಾರಗಳನ್ನು ಹುಡುಕಿದರೆ, ಅದು ಅವನ ವ್ಯಾಸಂಗಕ್ಕೂ ವಿಶ್ವಕೋಶಕ್ಕೂ ಆಗುವ ಲಾಭ.

ಬರೆದುದನ್ನು ಮತ್ತೊಬ್ಬರು ತಿದ್ದುತ್ತಾರೆ, ಕೆಲವೊಮ್ಮೆ ಅಳಿಸುತ್ತಾರೆ. ಹೊಸಬರು ನಿರಾಶರಾಗಿ ಹಿಂದಿರುಗಿ ಹೋಗುವುದು ಬಹುತೇಕ ಈ ಘಟ್ಟದಲ್ಲಿಯೇ. ಮೊದಲಿಗೆ ತಿಳಿಯಬೇಕಾದುದೆಂದರೆ ಇಲ್ಲಿ ಸಾಮಾನ್ಯವಾಗಿ ಯಾವುದೂ ನಷ್ಟವಾಗುವುದಿಲ್ಲ. ಪುಟ ಉಳಿದಿರುವವರೆಗೆ ಹಿಂದಿನ ಎಲ್ಲ ರೂಪಗಳೂ ‘ಇತಿಹಾಸ’ದಲ್ಲಿರುತ್ತವೆ. ಅಳಿಸಿದ ಭಾಗವನ್ನು ಹಟದಿಂದ ಮತ್ತೆ ಸೇರಿಸದೆ, ಚರ್ಚೆಯ ಪುಟದಲ್ಲಿ ಕಾರಣವನ್ನು ಕೇಳಬೇಕು. ಒಂದು ಪುಟಕ್ಕೆ ಸೀಮಿತವಾಗದ ಪ್ರಶ್ನೆಗಳಿಗೆ ಕನ್ನಡ ವಿಕಿಪೀಡಿಯದಲ್ಲಿ ‘ಅರಳಿ ಕಟ್ಟೆ’ ಎಂಬ ಸಮುದಾಯ ಪುಟವಿದೆ. ಹೆಸರಿಗೆ ತಕ್ಕಂತೆ ಅದು ಊರಿನವರು ಸೇರಿ ಮಾತನಾಡುವ ಜಾಗ. ಇನ್ನೊಂದೆಡೆ, ಹಳಬರಿಗೂ ಕರ್ತವ್ಯವಿದೆ. ಹೊಸಬರ ಉದ್ದೇಶ ಒಳ್ಳೆಯದೆಂದೇ ಭಾವಿಸಿ ನಡೆದುಕೊಳ್ಳಬೇಕೆಂಬುದು ವಿಕಿಪೀಡಿಯದ ಮಾರ್ಗಸೂಚಿ. ಕಾರಣ ಹೇಳದೆ ಅಳಿಸಿದ ಒಂದು ವಾಕ್ಯದಿಂದ ಪುಟ ಶುದ್ಧವಾಗಬಹುದು. ಬರಹಗಾರರೊಬ್ಬರು ಮರಳಿ ಬಾರದೆ ಹೋಗಬಹುದು. ಸಕ್ರಿಯ ಸಂಪಾದಕರು ವಿರಳವಾಗಿರುವ ಕನ್ನಡದಲ್ಲಿ ಎರಡನೆಯದು ದೊಡ್ಡ ನಷ್ಟ.

8. ಮೌಖಿಕ ಜ್ಞಾನದ ಪ್ರಶ್ನೆ

ಆಧಾರದ ನಿಯಮವು ಎಲ್ಲ ಬಗೆಯ ತಿಳಿವಳಿಕೆಗೂ ಸಮನಾಗಿ ನ್ಯಾಯ ಒದಗಿಸುತ್ತದೆಯೆಂದು ಹೇಳಲಾಗದು. ಗ್ರಾಮದೇವತೆಯ ಆಚರಣೆ, ಒಂದು ಸೀಮೆಯ ಬಿತ್ತನೆಯ ಕ್ರಮ, ಅಳಿಯುತ್ತಿರುವ ಕುಶಲಕಲೆಯ ವಿವರ ಮೊದಲಾದವು ಜನರ ನೆನಪಿನಲ್ಲಿವೆ, ಗ್ರಂಥಗಳಲ್ಲಿಲ್ಲ. ಅವನ್ನು ಬಲ್ಲ ಹಿರಿಯರ ಮಾತನ್ನು ವಿಶ್ವಕೋಶ ನೇರವಾಗಿ ಸ್ವೀಕರಿಸುವುದಿಲ್ಲ. 2011ರಲ್ಲಿ ಮಲಯಾಳಂ, ಹಿಂದಿ ಮತ್ತು ದಕ್ಷಿಣ ಆಫ್ರಿಕದ ಸೆಪೆಡಿ ಭಾಷೆಗಳಲ್ಲಿ ಧ್ವನಿಮುದ್ರಿತ ಸಂದರ್ಶನಗಳನ್ನು ಆಧಾರವಾಗಿ ಬಳಸುವ ಪ್ರಯೋಗವೊಂದು ನಡೆಯಿತು. ಅದು ಮುಖ್ಯವಾದ ಪ್ರಶ್ನೆಯನ್ನು ಎತ್ತಿತಾದರೂ ಸಾಮಾನ್ಯ ನಿಯಮವಾಗಿ ಬೆಳೆಯಲಿಲ್ಲ.

ಈ ಕೊರತೆಯನ್ನು ತುಂಬಬಲ್ಲ ಸ್ಥಾನದಲ್ಲಿರುವವು ಕನ್ನಡ ಮತ್ತು ಜಾನಪದ ಅಧ್ಯಯನ ವಿಭಾಗಗಳು. ಕ್ಷೇತ್ರಕಾರ್ಯದಲ್ಲಿ ಸಂಗ್ರಹಿಸಿದ ಸಾಮಗ್ರಿಯನ್ನು ಮೊದಲು ಸಂಶೋಧನ ಪತ್ರಿಕೆಯಲ್ಲಿ, ಹೇಳಿದವರ ಊರು ಮತ್ತು ಸಂಗ್ರಹದ ವರ್ಷ ಸಹಿತ ಪ್ರಕಟಿಸಿದರೆ ಅದು ವಿಶ್ವಕೋಶಕ್ಕೆ ಆಧಾರವಾಗುತ್ತದೆ. ಆ ಲೇಖನವನ್ನು ಆಧರಿಸಿ ಪುಟ ಬರೆಯುವವರು ಸಂಶೋಧಕರೇ ಆಗಬೇಕಿಲ್ಲ. ಮತ್ತೊಬ್ಬರಾದರೆ ಇನ್ನೂ ಒಳ್ಳೆಯದು. ಎಷ್ಟೋ ಎಂ.ಫಿಲ್., ಪಿಎಚ್.ಡಿ. ಪ್ರಬಂಧಗಳಲ್ಲಿ ಇಂತಹ ಸಾಮಗ್ರಿ ಅಪ್ರಕಟಿತವಾಗಿ ಉಳಿದಿದೆ. ಅದು ಬೆಳಕಿಗೆ ಬಾರದಿದ್ದರೆ ಆ ಊರುಗಳನ್ನೂ ಆ ಕಸುಬುಗಳನ್ನೂ ಕುರಿತ ಪುಟಗಳು ಖಾಲಿಯಾಗಿರುತ್ತವೆ, ಇಲ್ಲವೆ ಊಹೆಗಳಿಂದ ತುಂಬಿಕೊಳ್ಳುತ್ತವೆ.

9. ಉಪಸಂಹಾರ

ಮೇಲಿನ ವಿವೇಚನೆಯಿಂದ ಸಂಪಾದಕ ಮಂಡಳಿಯಿಲ್ಲದ ವಿಶ್ವಕೋಶದಲ್ಲಿ ಆ ಮಂಡಳಿಯ ಸ್ಥಾನದಲ್ಲಿ ನಿಲ್ಲುವುದು ಆಧಾರವೇ ಎಂಬುದು ಸ್ಪಷ್ಟವಾಗುತ್ತದೆ. ಬರೆದವರ ಪದವಿ, ವಯಸ್ಸು, ಪ್ರಸಿದ್ಧಿಗಳು ಇಲ್ಲಿ ಗಣನೆಗೆ ಬರುವುದಿಲ್ಲ. ಪ್ರಾಧ್ಯಾಪಕರು ಆಧಾರವಿಲ್ಲದೆ ಬರೆದ ವಾಕ್ಯವನ್ನು ಪದವಿ ತರಗತಿಯ ವಿದ್ಯಾರ್ಥಿನಿಯೊಬ್ಬಳು ಪ್ರಶ್ನಿಸಬಹುದು. ಅವಳು ಪುಟಸಂಖ್ಯೆಯೊಡನೆ ಬರೆದ ವಾಕ್ಯ ಉಳಿಯಬಹುದು. ಕನ್ನಡದ ವಿದ್ವತ್ ವಲಯಕ್ಕೆ ಇದು ಅಷ್ಟಾಗಿ ರೂಢಿಯಿಲ್ಲದ, ಆದರೆ ಆರೋಗ್ಯಕರವಾದ ಪದ್ಧತಿ.

ಮೂವತ್ತೈದು ವರ್ಷಗಳ ಕಾಲ ಹದಿನಾಲ್ಕು ಸಂಪುಟಗಳಿಗೆ ದುಡಿದ ಸಂಪಾದಕರು ತಮ್ಮ ತಪ್ಪುಗಳನ್ನು ತಿದ್ದಲು ಮರುಮುದ್ರಣಕ್ಕೆ ಕಾಯಬೇಕಾಗಿತ್ತು. ಇಂದಿನ ಬರಹಗಾರರು ಕಾಯಬೇಕಾಗಿಲ್ಲ. ತಪ್ಪನ್ನು ಆ ಕ್ಷಣವೇ ತಿದ್ದಬಹುದಾದ ಈ ಅನುಕೂಲ ತಪ್ಪನ್ನು ಆ ಕ್ಷಣವೇ ಹರಡುವುದಕ್ಕೂ ಒದಗುತ್ತದೆ. ಹೊಸದಾಗಿ ಬರುವವರು ಒಂದು ವಾಕ್ಯವನ್ನು ಬರೆಯುವ ಮುನ್ನ ಅದರ ಆಧಾರದ ಪುಟವನ್ನು ತೆರೆದಿಟ್ಟುಕೊಂಡರೆ, ಕನ್ನಡದಲ್ಲಿ ಆ ವಿಷಯಕ್ಕಿರುವ ಏಕೈಕ ಪುಟ ನಂಬಲು ಯೋಗ್ಯವಾಗಿ ಉಳಿಯುತ್ತದೆ.